ಎಪ್ಪತ್ತು ಕಿಲೋಮೀಟರ್ ಗಾಳಿ

ಲೋಹಿತಾ ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಆರು ವರ್ಷದಿಂದ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಿದ್ದಳು. ನಿಜವಾದ ವಿಮಾನವನ್ನು ಒಮ್ಮೆಯೂ ಹತ್ತಿದವಳಲ್ಲ, ಹತ್ತಿದ್ದೇನೆಂದು ಹೇಳಿಕೊಂಡವಳೂ ಅಲ್ಲ. ರುದ್ರಮುನಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿದ್ದುದು ಅದಕ್ಕೇ.

ರುದ್ರಮುನಿಗೆ ಶಿರಾದಲ್ಲಿ ಟೈಲ್ಸ್ ಅಂಗಡಿ. ಭಾನುವಾರ ಮಾತ್ರ ಪೈಲಟ್ಟಿನಂತೆ ಹೆಗಲ ಮೇಲೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಯಿರುವ ಬಿಳಿ ಅಂಗಿ ತೊಟ್ಟು, ಟೋಪಿ ಇಟ್ಟು, ಅದೇ ಊರಿನ ಕಡ್ಲೆಕಾಯಿ ಮಂಡಿಯ ಮೇಲಿನ ಕುಮಾರಸ್ವಾಮಿಯ ಕಂಪ್ಯೂಟರ್ ಸೆಂಟರಿಗೆ ಬರುತ್ತಿದ್ದ. ಲೋಹಿತಾಳಂತೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರು ಭಾನುವಾರ ಅಲ್ಲಿ ಸೇರುತ್ತಿದ್ದರು; ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಅವನು ಬೇಡವೆನ್ನುತ್ತಿರಲಿಲ್ಲ.

ಆ ಭಾನುವಾರ ಪಂದ್ಯವಿತ್ತು. ಒಂದೇ ಎಂಜಿನ್ನಿನ ಪುಟ್ಟ ವಿಮಾನವನ್ನು ಅತಿ ಕಡಿಮೆ ಓಟದಲ್ಲಿ ನೆಲದಿಂದ ಎಬ್ಬಿಸಿದವರು ಗೆದ್ದಂತೆ. ಲೋಹಿತಾ ನೂರ ತೊಂಬತ್ತು ಮೀಟರಿಗೆ ಎಬ್ಬಿಸಿದಳು. ಆಮೇಲೆ ಕೂತ ರುದ್ರಮುನಿ ಮೂವತ್ತೊಂದಕ್ಕೇ ಎಬ್ಬಿಸಿಬಿಟ್ಟ. ಕೋಣೆಯೆಲ್ಲ ಚಪ್ಪಾಳೆ.

"ಎಲ್ಲಾ ಕೈಗುಣ ಕಣ್ರೀ," ಎಂದು ಅವನು ಟೋಪಿ ಸರಿಮಾಡಿಕೊಂಡ.

ಲೋಹಿತಾ ಎದ್ದು ಬಂದು ಅವನ ಕಂಪ್ಯೂಟರಿನಲ್ಲಿ ಹವಾಮಾನದ ಪುಟ ತೆರೆದಳು. ಗಂಟೆಗೆ ಎಪ್ಪತ್ತು ಕಿಲೋಮೀಟರ್ ಎದುರುಗಾಳಿ! ಟ್ಯಾಂಕಿನಲ್ಲೋ, ವಿಮಾನ ಹಗುರಾಗಲೆಂದು, ಚೊಂಬಿನಷ್ಟೇ ಇಂಧನ.

"ಈ ಗಾಳಿಗೆ ನಿಮ್ಮ ಅಂಗಡಿ ಮೇಲಿನ ಶೀಟೂ ಹಾರುತ್ತೆ. ಅದಕ್ಕೂ ಕೈಗುಣ ಬೇಕಾ?"

"ಎದುರುಗಾಳಿ ಇದ್ರೆ ಬೇಗ ಏಳ್ತದೆ ಅಂತ ಪುಸ್ತಕದಾಗೇ ಐತಲ್ಲ ಮೇಡಂ?"

"ಗಾಳಿ ಬಂದ ಕಡೆ ಮುಖ ಮಾಡು ಅಂತಿದೆ. ಗಾಳೀನೇ ಹುಟ್ಟಿಸ್ಕೋ ಅಂತಿಲ್ಲ."

ಕುಮಾರಸ್ವಾಮಿ ಲೋಹಿತಾಳಿಗಿದ್ದಂತೆಯೇ ಗಾಳಿ ಸೊನ್ನೆ ಮಾಡಿ, ಟ್ಯಾಂಕು ಅರ್ಧ ತುಂಬಿಸಿಕೊಟ್ಟ. ರುದ್ರಮುನಿ ವಿಮಾನ ಹೊರಟ ಗಳಿಗೆಯಿಂದಲೇ ಜಾಯ್‌ಸ್ಟಿಕ್ ಜಗ್ಗಿದ. ಮೂತಿ ಮೇಲೆದ್ದಿತು, ಬಾಲ ನೆಲ ಉಜ್ಜಿತು, ವಿಮಾನ ಏಳದೆ ಹುಲ್ಲಿಗೆ ನುಗ್ಗಿತು. ಇನ್ನೊಮ್ಮೆ ಆಳೆತ್ತರ ಎದ್ದು, ವಾಲಿಕೊಂಡು ಬಿದ್ದಿತು. ಚಪ್ಪಾಳೆ ತಟ್ಟಿದವರೇ ನಕ್ಕರು. ಲೋಹಿತಾಳಿಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ರುದ್ರಮುನಿ ಟೋಪಿ ತೆಗೆದಿಟ್ಟ. "ನಿಜ ಹೇಳ್ತೀನಿ, ನಂಗೆ ಬರಕಿಲ್ಲ. ಹೆಂಗೆ ಮಾಡೋದು ಹೇಳ್ಕೊಡಿ ಮೇಡಂ."

ಇದೂ ಒಂದು ನಾಟಕ ಎಂದುಕೊಂಡಳು ಲೋಹಿತಾ. ಕಡೇ ಬೆಂಚಿನ ದಡ್ಡರಿಗೆ ಹೇಳುವ ದನಿಯಲ್ಲೇ ಹೇಳಿದಳು: "ರೆಕ್ಕೆ ಹಿಂದಿನ ಫ್ಲ್ಯಾಪ್ ಎರಡು ಹಂತ ಇಳಿಸಿ. ಬ್ರೇಕ್ ಹಿಡ್ಕೊಂಡೇ ಎಂಜಿನ್ ಪೂರ್ತಿ ಏರಿಸಿ, ಆಮೇಲೆ ಬ್ರೇಕ್ ಬಿಡಿ. ವೇಗ ಬರೋತನಕ ಜಗ್ಗಬೇಡಿ. ಎದ್ದಮೇಲೂ ನೆಲದ ಹತ್ರಾನೇ ಹಾರಿ ವೇಗ ಕೂಡಿಸ್ಕೊಳ್ಳಿ. ಅರ್ಥ ಆಗ್ಲಿಲ್ಲ ಅಂದ್ರೆ ಬಿಟ್ಬಿಡಿ."

ಅವನು ಪಾಂಪ್ಲೆಟ್ಟೊಂದರ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡ. ಆ ವಕ್ರ ಅಕ್ಷರ ನೋಡಿಯೂ ಅವಳಿಗೆ ನಗು ಬಂತು.

ಮುಂದಿನ ಮೂರು ಭಾನುವಾರ ಅವನ ಸುಳಿವಿಲ್ಲ. ಓಡಿಹೋದ, ಇಂಥವರ ಹಣೆಬರಹವೇ ಇಷ್ಟು ಎಂದು ಲೋಹಿತಾ ಎಲ್ಲರೆದುರು ಹೇಳಿದಳು.

ನಾಲ್ಕನೆಯ ಭಾನುವಾರ ಅವನು ಚೌಕಳಿ ಅಂಗಿಯಲ್ಲಿ ಬಂದ. ಬ್ರೇಕ್ ಹಿಡಿದ, ಎಂಜಿನ್ ಏರಿಸಿದ, ಬಿಟ್ಟ. ನೂರ ಎಂಬತ್ತಾರು ಮೀಟರ್. ಲೋಹಿತಾ ಹವಾಮಾನದ ಪುಟ ತೆರೆದಳು. ಗಾಳಿ ಸೊನ್ನೆ, ಟ್ಯಾಂಕು ಅರ್ಧ.

"ಹೇಳ್ಕೊಟ್ಟೋರು ಇವರೇಯ," ಅಂದ ಅವನು ಎಲ್ಲರಿಗೂ.

ಎಲ್ಲರೂ ಅವಳ ಕಡೆ ನೋಡಿದರು. "ಇನ್ನೂ ತಡವಾಗಿ ಎಳೀಬೇಕಿತ್ತು," ಎಂದಳು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅವನು ಹೌದಾ ಮೇಡಂ ಎಂದು ಪೆನ್ನು ತೆಗೆದು ಅದನ್ನೂ ಬರೆದುಕೊಂಡ.

ಮಧುಗಿರಿಗೆ ವಾಪಸಾಗುವ ಬಸ್ಸು ಬಡವನಹಳ್ಳಿ ದಾಟುವವರೆಗೂ ಆ ಪೆನ್ನು ಅವಳ ಕಣ್ಣಮುಂದೆಯೇ ಇತ್ತು. ಕೊನೆಗೆ ಕುಮಾರಸ್ವಾಮಿಯಿಂದ ನಂಬರು ಪಡೆದು ಫೋನ್ ಮಾಡಿದಳು.

"ನೀವು ಎಳೆದದ್ದು ಸರಿಯಾಗೇ ಇತ್ತು. ನಾನು ಸುಳ್ಳು ಹೇಳ್ದೆ."

"ಗೊತ್ತಾಯ್ತು ಬುಡಿ ಮೇಡಂ," ಅಂದ ರುದ್ರಮುನಿ. "ನೀವು ಹೋದ್ಮೇಲೆ ನೀವು ಹೇಳ್ದಂಗೇ ತಡವಾಗಿ ಎಳ್ದು ನೋಡ್ದೆ. ಇನ್ನೂರಾ ಹನ್ನೆರಡು ಮೀಟ್ರಾಯ್ತು."