ಹಸಿರು ಟ್ರೇ

ಗೋಡೆಯ ಬುಡದಲ್ಲಿ ಹಾದುಹೋಗಿದ್ದ ಕಪ್ಪು ವೈರಿನ ಜಾಡು ಹಿಡಿದು ನಾದಿನಿ ಅಡುಗೆಮನೆಯಿಂದ ನಡುಮನೆಗೆ ಬಂದಳು. ವೈರು ನೇರವಾಗಿ ಹೋಗಿ, ಅತ್ತಿಗೆಯನ್ನು ಮಲಗಿಸಿದ್ದ ಗಾಜಿನ ಮುಚ್ಚಳದ ತಂಪುಪೆಟ್ಟಿಗೆಗೆ ಸೇರಿತ್ತು.

"ಫ್ರಿಜ್ಜಿನ ಪ್ಲಗ್ ಕಿತ್ತಿದ್ದು ಯಾರು?"

"ನಾನೇ ಅಕ್ಕಾ," ಎಂದ ಪೆಟ್ಟಿಗೆಯನ್ನು ಬಾಡಿಗೆಗೆ ತಂದವನು. "ಇದಕ್ಕೆ ದೊಡ್ಡ ಪ್ಲಗ್ ಪಾಯಿಂಟೇ ಬೇಕು. ಈ ಮನೇಲಿರೋದು ಅದೊಂದೇ."

"ಯಾವಾಗ ಕಿತ್ತೆ?"

"ಬೆಳಿಗ್ಗೆ ಬಂದ ತಕ್ಷಣ."

ಕುರ್ಚಿಗಳಲ್ಲಿ ಕೂತಿದ್ದವರು ಮುಖ ಮುಖ ನೋಡಿಕೊಂಡರು. "ಹಾಲು ತಾನೆ? ಕೆಟ್ರೆ ಕೆಡ್ಲಿ ಬಿಡಮ್ಮ," ಎಂದರು ಎದುರುಮನೆಯಾಕೆ.

ಹಾಲಾಗಿದ್ದರೆ ಅವಳು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೇಲಿನ ಖಾನೆಯಲ್ಲಿದ್ದದ್ದು ಐಸ್ ಟ್ರೇ. ಅದರ ಗುಳಿಗಳ ತುಂಬ ಎಣ್ಣೆಯಲ್ಲಿ ಅರೆದ ಕಾಮಕಸ್ತೂರಿ ಸೊಪ್ಪು. ಕಿಟಕಿಯ ಕುಂಡದಲ್ಲಿದ್ದ ಗಿಡ ಈ ಚಳಿಗೆ ಕಡ್ಡಿಯಾಗಿತ್ತು. ಅತ್ತಿಗೆ ಕೈಯಾರೆ ಮಾಡಿದ್ದು ಇನ್ನು ಆ ಟ್ರೇ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ತೆಗೆದು ನೋಡಿದರೆ ಅಂಚಿನ ಗುಳಿಗಳಲ್ಲಿ ಎಣ್ಣೆ ಆಗಲೇ ಕರಗಿ ಅಲುಗಾಡುತ್ತಿತ್ತು.

ಟ್ರೇ ಹಿಡಿದು ಹೊರಗೆ ಓಡಿದಳು. ಎದುರುಮನೆಯಾಕೆಯ ಫ್ರಿಜ್ಜು ರಿಪೇರಿಗೆ ಹೋಗಿತ್ತು. ಪಕ್ಕದವರು ಬೀಗ ಹಾಕಿ ಕೆಲಸಕ್ಕೆ ಹೋಗಿದ್ದರು. ಕಾಲು ಸುಟ್ಟ ಬೆಕ್ಕಿನಂತೆ ಮೆಟ್ಟಿಲು ಹತ್ತಿ ಇಳಿದು ಮತ್ತೆ ಅಡುಗೆಮನೆಗೇ ಬಂದು ನಿಂತಳು.

*

ಅತ್ತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇಡೀ ದಿನ ಉಗಿಯಲ್ಲಿ ಬೆಂದು ಬಂದವಳು ಫ್ರಿಜ್ಜಿನ ಮುಂದೆ ನಿಂತು, "ಈ ಮನೇಲಿ ಬಾಯಿ ತೆಗೆದ್ರೆ ತಣ್ಣಗಿರೋದು ಇದೊಂದೇ," ಎನ್ನುವಳು. ಚುಚ್ಚಿದ್ದು ನಾದಿನಿಗೆ.

ಸೊಪ್ಪು ಇಡುವ ವಿಷಯದಲ್ಲಿ ಇಬ್ಬರೂ ಹಾವು ಮುಂಗುಸಿ. ನಾದಿನಿ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬುವವಳು.

"ನಿನ್ನ ಒಣಸೊಪ್ಪಿಗೂ ಪೊರಕೆಗೂ ಏನು ವ್ಯತ್ಯಾಸ ಹೇಳು," ಎನ್ನುವಳು ಅತ್ತಿಗೆ. ತಾನು ಮಾತ್ರ ಎಲೆಗಳನ್ನು ಕುದಿಯುವ ನೀರಲ್ಲಿ ಅದ್ದಿದ ಹಾಗೆ ಮಾಡಿ ತಣ್ಣೀರಿಗೆ ಹಾಕುವಳು, ಬಟ್ಟೆಯ ಮೇಲೆ ಹರಡಿ ತೇವ ಆರಿಸುವಳು, ಎಣ್ಣೆ ಬೆರೆಸಿ ಅರೆದು ಟ್ರೇಗೆ ಸುರಿಯುವಳು. "ಮೇಲೆ ಎಣ್ಣೆ ನಿಲ್ಲಬೇಕು. ಗಾಳಿ ಸೋಕಿತೋ, ಕರ್ರಗಾಯ್ತು. ಬಂದು ನೋಡಬಾರದಾ?"

"ನನಗ್ಯಾಕೆ? ಐಸು ತಿನ್ನೋಕೆ ನೀವೇ ಸರಿ."

ಹಾಗೆಂದವಳೇ ಚಳಿಗಾಲದಲ್ಲಿ ಸೂಪಿಗೆ ಆ ಹಸಿರು ತುಂಡು ಬಿದ್ದರೆ ಎರಡೆರಡು ಬಟ್ಟಲು ಖಾಲಿ ಮಾಡುತ್ತಿದ್ದಳು. ಎಣ್ಣೆ ಎಷ್ಟು, ಉಪ್ಪು ಯಾವಾಗ ಎಂದು ಕೇಳಿದರೆ ಸೋತಂತೆ ಎಂದುಕೊಂಡು ಕೇಳಲೇ ಇಲ್ಲ. ಆಸ್ಪತ್ರೆಯಲ್ಲಿ ಅತ್ತಿಗೆ ಅವಳಿಗೆ ಹೇಳಿದ ಕೊನೆಯ ಮಾತೂ ಜಗಳದ್ದೇ: "ನಾನಿಲ್ಲ ಅಂತ ಫ್ರಿಜ್ ಬಾಗಿಲು ಸುಮ್ಮಸುಮ್ಮನೆ ತೆಗೀಬೇಡ. ತಂಪು ಹೋಗತ್ತೆ."

*

ನಡುಮನೆಯಲ್ಲಿ ಲಾಂಡ್ರಿಯ ಹೆಂಗಸೊಬ್ಬಳು ಮೂಗೊರೆಸಿಕೊಂಡು ಹೇಳುತ್ತಿದ್ದಳು: "ಇವಳು ಊಟದ ಡಬ್ಬಿ ತೆಗೆದ್ರೆ ಸಾಕು, ನಾವೆಲ್ಲ ಇಸ್ತ್ರಿಪೆಟ್ಟಿಗೆ ಬಿಟ್ಟು ಎದ್ದು ಬರ್ತಿದ್ವಿ. ಅದೇನು ಘಮ."

ನಾದಿನಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ತಲೆಯ ಬಳಿ ನಿಂತಿದ್ದ ಅಣ್ಣನ ಹತ್ತಿರ ಹೋದಳು.

"ಅಣ್ಣ, ಅತ್ತಿಗೆ ಟ್ರೇ ಕರಗ್ತಿದೆ. ಎಲ್ಲೂ ಜಾಗ ಸಿಗ್ತಿಲ್ಲ."

ಅವನು ಟ್ರೇಯನ್ನು ನೋಡಿದ. ಗಾಜಿನೊಳಗಿನ ಹೆಂಡತಿಯನ್ನು ನೋಡಿದ. "ಕೊಡು ಇಲ್ಲಿ," ಎಂದು ಮುಚ್ಚಳಕ್ಕೆ ಕೈ ಹಾಕಿದ.

ಪೆಟ್ಟಿಗೆಯವನು ಗಾಬರಿಯಿಂದ ಬಂದ. "ಸರ್, ತೆಗೀಬೇಡಿ. ತಂಪು ಹೋಗತ್ತೆ."

"ಇವಳೂ ಇದನ್ನೇ ಹೇಳ್ತಿದ್ದಳು," ಎಂದ ಅಣ್ಣ. ಟ್ರೇಯನ್ನು ಹೆಂಡತಿಯ ಪಾದದ ಬಳಿ ಇಟ್ಟು ಹೊದಿಕೆಯ ಅಂಚು ಸರಿಮಾಡಿದ. ಯಾರೋ ಕೆಮ್ಮಿದರು. ನಾದಿನಿಗೆ ಅಳು ಬಂದದ್ದು ಆಗಲೇ. ಬೆಳಗಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಟ್ಟಿಗೇ ಬಂತು. ಆದರೂ ಕೂರಲಾಗಲಿಲ್ಲ. ಬಾಗಿಲಿಗೂ ಪೆಟ್ಟಿಗೆಗೂ ಓಡಾಡುತ್ತ, ಬಂದವರೆಲ್ಲರ ಕಣ್ಣು ಆ ಕಾಲಿನ ತುದಿಯ ಟ್ರೇ ಮೇಲೇ ಇದೆಯೇನೋ ಎಂದು ಒದ್ದಾಡಿದಳು.

ಮಧ್ಯಾಹ್ನ ವಾಹನ ಬಂತು. ಮುಚ್ಚಳ ಎತ್ತಿದ ಕೂಡಲೇ ಹೂವಿನ ವಾಸನೆಯನ್ನು ಸರಿಸಿಕೊಂಡು ಕಾಮಕಸ್ತೂರಿಯ ಘಮ ಎದ್ದಿತು. ಲಾಂಡ್ರಿಯ ಹೆಂಗಸರು ತಲೆ ತಗ್ಗಿಸಿದರು. ಅತ್ತಿಗೆಯನ್ನು ಎತ್ತಿಕೊಂಡು ಹೋದ ಮೇಲೆ ಪೆಟ್ಟಿಗೆಯವನು ಟ್ರೇಯನ್ನು ಎರಡೂ ಕೈಯಲ್ಲಿ ತಂದುಕೊಟ್ಟ. ಅಂಚಿನ ಗುಳಿಗಳಲ್ಲೂ ಎಣ್ಣೆ ಅಲುಗಾಡುತ್ತಿರಲಿಲ್ಲ.

ಹೊರಗೆ ವಾಹನದ ಹಾರ್ನ್ ಆಯಿತು. "ಬಂದೆ," ಎಂದು ಕೂಗಿ ನಾದಿನಿ ಅಡುಗೆಮನೆಗೆ ಓಡಿ, ಪೆಟ್ಟಿಗೆಯ ವೈರು ಕಿತ್ತು ಫ್ರಿಜ್ಜಿನ ಪ್ಲಗ್ ಚುಚ್ಚಿದಳು. ಫ್ರಿಜ್ಜು ಒಮ್ಮೆ ನಡುಗಿ ಗುಂಯ್ ಎಂದಿತು. ಟ್ರೇ ಇಟ್ಟು ಬಾಗಿಲು ಹಾಕಿದಳು. ಸರಿಯಾಗಿ ಕೂತಿದೆಯಾ ಎಂದು ಇನ್ನೊಮ್ಮೆ ನೋಡುವ ಆಸೆಗೆ ಕೈ ಹಿಡಿಕೆಯ ತನಕ ಹೋಯಿತು.

ಮತ್ತೆ ಹಾರ್ನ್. ಮೊಳೆಗೆ ತೂಗುಹಾಕಿದ್ದ ಅತ್ತಿಗೆಯ ಏಪ್ರನ್ ಎಳೆದುಕೊಂಡು, ಅದರ ದಾರದಿಂದ ಫ್ರಿಜ್ಜಿನ ಹಿಡಿಕೆಯನ್ನು ಪಕ್ಕದ ಕಪಾಟಿನ ಹಿಡಿಕೆಗೆ ಸೇರಿಸಿ ಬಿಗಿಯಾಗಿ ಗಂಟು ಹಾಕಿದಳು, ಅದರ ಮೇಲೆ ಇನ್ನೊಂದು ಗಂಟು ಹಾಕಿ ಹೊರಗೆ ಓಡಿದಳು. ಯಾರೂ ಇಲ್ಲದ ಅಡುಗೆಮನೆಯಲ್ಲಿ, ಬಾಗಿಲಿಗೆ ಅಡ್ಡ ನಿಂತ ಏಪ್ರನ್ ಫ್ರಿಜ್ಜಿನ ಸದ್ದಿಗೆ ಸಣ್ಣಗೆ ಅದುರುತ್ತಿತ್ತು.