ರೊಟ್ಟಿ ಬಡಿಯುವ ಕೈಯ ಪೂಜೆ

ರಾಮದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ಮುನ್ನೂರು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಬಾಳವ್ವನ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಲಿಂಗಪೂಜೆ ಆಗದೆ ತುತ್ತು ಎತ್ತುವವಳಲ್ಲ ಅವಳು. ದಿನಾ ಸುರೇಬಾನದ ಮನೆಯಲ್ಲೇ ಪೂಜೆ ಮುಗಿಸಿ ಬರುತ್ತಿದ್ದಳು. ಇವತ್ತು ಎಚ್ಚರಾಗುವುದೇ ತಡವಾಗಿ, ಬಸ್ಸು ತಪ್ಪೀತೆಂದು ಹಾಗೇ ಓಡಿ ಬಂದಿದ್ದಳು.

"ಬಾಳಕ್ಕಾ, ಮೊದಲ ಎರಡ ತುತ್ತ ಉಣ್ರಿ. ದೇವರೇನ ಓಡಿ ಹೊಕ್ಕಾನೇನ್ರಿ?" ಎಂದಳು ಮಾಲಕರ ಸೊಸೆ ಉಮಾಶ್ರೀ.

"ಓಡಿ ಬಂದಾಕಿ ನಾನ, ತಂಗಿ. ಅವಾ ಎಲ್ಲಿ ಹೊಕ್ಕಾನ? ಸುಮ್ನ ಕುಂಡ್ರು."

ಕೈಕಾಲು ಮುಖ ತೊಳೆದು ಹಿತ್ತಿಲ ಬಾಗಿಲಲ್ಲಿ ಕುಳಿತಳು. ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಅದರ ಮೇಲೆ ಕಣ್ಣು ನೆಟ್ಟಳು. ಬಾಯಲ್ಲಿ ಶಿವನ ಹೆಸರು ನಡೆದಿತ್ತು, ರೆಪ್ಪೆ ಮಾತ್ರ ಜೋತು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಟಪ್ ಟಪ್ ಎಂದು ಸಪ್ಪಳ ಕೇಳಿ ಎಚ್ಚೆತ್ತಳು. ಅವಳ ಬಲಗೈ ಲಿಂಗವನ್ನೇ ತಟ್ಟುತ್ತಿತ್ತು, ತಟ್ಟಿ ತಟ್ಟಿ ಹಗುರಕ್ಕೆ ತಿರುಗಿಸುತ್ತಿತ್ತು.

ಉಮಾಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಾಳಕ್ಕಾ, ಶಿವನ್ನೂ ಹಂಚಿಗೆ ಹಾಕತೀರೇನ್ರಿ?"

ಬಾಳವ್ವನಿಗೆ ತನ್ನ ಕೈ ಮೇಲೇ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡಳು.

"ಈ ಕೈಗೆ ಬ್ಯಾರೆ ಏನೂ ಬರಂಗಿಲ್ಲೋ ಶಿವನ. ಇದನ್ನ ಪೂಜಿ ಅಂತ ತಿಳಕೋ," ಎಂದಳು.

ಆಮೇಲೆ ಲಿಂಗ ಕಟ್ಟಿಕೊಂಡು ಗೋಡೆಗೊರಗಿ, "ಎರಡ ರೊಟ್ಟಿ ಕೊಡವಾ ತಂಗಿ. ಪೂಜಿ ಆತು," ಎಂದಳು.