ಮೆಟ್ಟಿಲ ಮೇಲಿನ ತರಗತಿ

ಮೂರನೇ ಮಹಡಿಯ ಸಭಾಂಗಣದಲ್ಲಿ ನಾನು ಮತ್ತು ಖಾಲಿ ಕುರ್ಚಿಗಳು ಒಬ್ಬರನ್ನೊಬ್ಬರು ನೋಡುತ್ತ ಕುಳಿತಿದ್ದೆವು. ಉಸಿರಾಟದ ತೊಂದರೆ ಇರುವವರಿಗಾಗಿ ಬಡಾವಣೆಯ ಆರೋಗ್ಯ ಕೇಂದ್ರ ನಡೆಸುವ ತರಗತಿಯ ಹೊತ್ತು ಯಾವಾಗಲೋ ಮೀರಿತ್ತು. ನರ್ಸ್ ಇಲ್ಲ, ರೋಗಿಗಳಿಲ್ಲ. ಗೋಡೆಯ ಚಿತ್ರದಲ್ಲಿ ಎರಡು ಶ್ವಾಸಕೋಶಗಳು ಮಾತ್ರ ಗುಲಾಬಿ ಬಣ್ಣದಲ್ಲಿ ಆರಾಮಾಗಿದ್ದವು.

ತರಗತಿ ನೋಡಿ ವರದಿ ಬರೆಯಲು ಬಂದವಳು ನಾನು. ಎಷ್ಟು ಜನ ಗುಣವಾದರು ಎಂದು ನೋಡುವುದು ನನ್ನ ಕೆಲಸವಲ್ಲ. ಅಡುಗೆಯ ರುಚಿ ನೋಡುವವರು ಬೇರೆ ಇದ್ದಾರೆ. ನಾನು ಒಲೆಯ ಪಕ್ಕ ನಿಂತು ಹೇಗೆ ಬೇಯಿಸುತ್ತಾರೆ ಎಂದು ನೋಡುವವಳು. ತರಗತಿ ಹೇಳಿದ ಹಾಗೆ ನಡೆಯುತ್ತಿಲ್ಲ ಎಂದು ನಾನು ಬರೆದರೆ ಮುಂದಿನ ವರ್ಷ ಅದು ಇರುವುದಿಲ್ಲ.

ಕೊನೆಗೂ ಎಲ್ಲರೂ ಬಂದರು. ನರ್ಸ್ ಮುಖ ಸಣ್ಣದಾಗಿತ್ತು. "ಲಿಫ್ಟ್ ಕೆಟ್ಟಿದೆ ಮೇಡಂ. ಇವರನ್ನ ಹತ್ತಿಸಿಕೊಂಡು ಬರೋದರಲ್ಲೇ ಪಾಠದ ಹೊತ್ತೆಲ್ಲ ಹೋಗುತ್ತೆ." ಉಳಿದ ಹೊತ್ತಿನಲ್ಲಿ ಪಾಠವನ್ನು ಓಡಿಸಿ ಮುಗಿಸಿದರು.

"ಕೆಳಗಡೆ ಒಂದು ರೂಮು ಕೊಡಿಸಿ ಅಂತ ಬರೀತೀನಿ," ಎಂದೆ. ನರ್ಸ್ ಮುಖ ಅರಳಿತು. ಪಕ್ಕದಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ಮುಖ ಬಾಡಿತು.

"ಬೇಡಮ್ಮ, ನಿನ್ನ ಪುಣ್ಯ. ಕೆಳಗೆ ಬೇಡ."

"ಯಾಕೆ ತಾತ?"

"ನನ್ನ ಮಗಳ ಮನೆ ನಾಲ್ಕನೇ ಮಹಡಿ. ಅಲ್ಲಿ ಲಿಫ್ಟೇ ಇಲ್ಲ. ಮೊಮ್ಮಗಳನ್ನ ಕೆಳಗೆ ತಂದು ತೋರಿಸ್ತಾರೆ, ಪಾರ್ಸೆಲ್ ತಂದ ಹಾಗೆ. ಅವಳ ತೊಟ್ಟಿಲು ನಾನಿನ್ನೂ ನೋಡಿಲ್ಲ. ಮುಂದಿನ ವಾರ ನಮ್ಮ ಜೊತೆ ಕೆಳಗಿನಿಂದ ಹತ್ತು. ಆಮೇಲೆ ಏನು ಬೇಕಾದ್ರೂ ಬರ್ಕೋ."

ಮುಂದಿನ ವಾರ ಹತ್ತಿದೆ.

"ರೈಟ್!" ಎಂದರು ಕಂಡಕ್ಟರ್. ಸಾಲು ಹೊರಟಿತು. ತಿರುವಿಗೆ ಬಂದಾಗ, "ಹೋಲ್ಡಾನ್!" ಸಾಲು ನಿಂತಿತು. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ತಮ್ಮ ಬಾಗಿಲ ಮುಂದೆ ಬೆಂಚು ಹಾಕಿಟ್ಟಿದ್ದರು.

"ಏನ್ರೀ ಕಂಡಕ್ಟರೇ," ಬೇಕರಿಯ ಹಿಟ್ಟಿನ ಧೂಳಿನಲ್ಲಿ ಎದೆ ಕೆಡಿಸಿಕೊಂಡಿದ್ದ ಅಜ್ಜಿ ಕೆಣಕಿದರು, "ಅವತ್ತು ಕೈ ಅಡ್ಡ ಹಾಕಿದ್ರೂ ಬಸ್ ನಿಲ್ಲಿಸ್ತಿರಲಿಲ್ಲ, ಈಗ ಹೆಜ್ಜೆಗೊಂದು ಸ್ಟಾಪು!"

"ಆಗ ಟೈಮಿಗೆ ಓಡಬೇಕಿತ್ತು ತಾಯಿ, ಈಗ ಉಸಿರಿಗೆ."

"ಮಾತು ಸಾಕು, ಊದಿ," ಎಂದರು ನರ್ಸ್. "ಬಿಸಿ ಟೀ ಆರಿಸೋ ಹಾಗೆ, ತುಟಿ ಸಣ್ಣ ಮಾಡಿ. ಅಜ್ಜಿ, ಭುಜ ಎತ್ತಬೇಡಿ." ಒಬ್ಬರ ಬೆನ್ನ ಮೇಲೆ ಕೈಯಿಟ್ಟರು, ಇನ್ನೊಬ್ಬರ ಜೊತೆ ತಾವೂ ಊದಿದರು. ಉಸಿರು ನಿಜವಾಗಿ ಸಿಕ್ಕಿಕೊಂಡ ಜಾಗದಲ್ಲೇ ಅದನ್ನು ಬಿಡಿಸುತ್ತಿದ್ದರು. ಮೇಲಿನ ಕುರ್ಚಿಗಳ ಮೇಲೆ ಯಾರ ಉಸಿರೂ ಸಿಕ್ಕಿಕೊಳ್ಳುವುದಿಲ್ಲ.

"ನಿಮ್ಮ ತರಗತಿ ಇಲ್ಲೇ ನಡೀತಿದೆಯಲ್ಲ!" ಎಂದೆ.

ನರ್ಸ್ ಮೆಟ್ಟಿಲುಗಳನ್ನು ಮೊದಲ ಸಲ ಕಂಡವರಂತೆ ಮೇಲೆ ಕೆಳಗೆ ನೋಡಿದರು. "ಅಯ್ಯೋ, ನಾನಿದನ್ನ ತಡ ಅಂತಲೇ ಅಂದ್ಕೊಂಡಿದ್ದೆ."

ಪಾಠ ನಡೆಯುವುದು ಮೆಟ್ಟಿಲ ಮೇಲೆ, ಅಲ್ಲೇ ನಡೆಯಲಿ, ತಿರುವಿಗೊಂದು ಬೆಂಚು ಕೊಡಿ ಎಂದು ಬರೆದೆ. ನಮ್ಮ ಹಿರಿಯ ಅಧಿಕಾರಿ ಫೋನ್ ಮಾಡಿದರು. "ಏನಮ್ಮ, ಲಿಫ್ಟ್ ರಿಪೇರಿ ಬೇಡವಾ?"

"ಮಾಡಿಸಿ ಸರ್. ಇವರಿಗೆ ಮಾತ್ರ ಹೇಳಬೇಡಿ."

ಅವರು ನಕ್ಕರು. ತರಗತಿ ಉಳಿಯಿತು.

ಸಾಮಾನ್ಯವಾಗಿ ನಾವು ಬರೆದುಕೊಟ್ಟು ಹೊರಟುಬಿಡುತ್ತೇವೆ; ಆಮೇಲೆ ಏನಾಯಿತೆಂದು ನಮಗೆ ಯಾರೂ ಹೇಳುವುದಿಲ್ಲ. ಈ ಸಲ ಕಂಡಕ್ಟರ್ ಕರೆದರು. ಮಗಳ ಮನೆಯ ಕೆಳಗೆ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ನನ್ನ ಕೈ ಹಿಡಿದು, "ನೀನು ಬರದಿದ್ರೆ ನಮ್ಮನ್ನ ಕೆಳಗೇ ಕೂರಿಸಿಬಿಡ್ತಿದ್ರು," ಎಂದರು. ಅವತ್ತು ನೀವು ಹತ್ತಲು ಕರೆಯದಿದ್ದರೆ ಕೂರಿಸುತ್ತಿದ್ದವಳು ನಾನೇ ತಾತ, ಎನ್ನಬೇಕೆಂದಿದ್ದೆ. ಅಷ್ಟರಲ್ಲಿ "ರೈಟ್" ಎಂದು ಹೊರಟೇಬಿಟ್ಟರು.

ಪ್ರತಿ ತಿರುವಿನಲ್ಲೂ ನಿಂತರು, ಊದಿದರು. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಮಗಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದಳು, ನೀರು ತಂದಳು. ಅವರು ಎರಡಕ್ಕೂ ಕೈ ಅಡ್ಡ ಮಾಡಿ, ಮೊದಲು ಒಳಗಿನ ಕೋಣೆಗೆ ಹೋಗಿ ತೊಟ್ಟಿಲಿನ ಮೇಲೆ ಬಾಗಿದರು. ಮಾತಾಡಲು ಉಸಿರಿರಲಿಲ್ಲ. ತುಟಿ ಸಣ್ಣ ಮಾಡಿ ಊದಿದರು, ಮೆಲ್ಲಗೆ, ಪಾಠದಂತೆ. ಹಣೆಯ ಕೂದಲು ಹಾರಿ ಮಗು ಕಣ್ಣುಬಿಟ್ಟು ನೋಡಿತು. ಆಮೇಲೆ ಅದೂ ತುಟಿ ಮುಂದೆ ಮಾಡಿ ಜೊಲ್ಲು ಹಾರಿಸಿತು, ಅಜ್ಜನ ಇಸ್ತ್ರಿಯ ಅಂಗಿಯ ಮೇಲೆ.